ಹುಳುಮನೆಯಲ್ಲಿ ಫ್ರೀರೆನ್

ನಮ್ಮ ಅವ್ವನಿಗೆ ಇಸವಿಯ ಲೆಕ್ಕ ಹಿಡಿಸದು. ಗೋಡೆಯ ಮೇಲೆ ತೂಗುವ ಕ್ಯಾಲೆಂಡರನ್ನು ಆಕೆ ನೋಡುವುದು ಅಮಾವಾಸ್ಯೆ ಯಾವತ್ತು, ರೇಷ್ಮೆಹುಳುವಿನ ಮರಿ ತರಬೇಕಾದ ದಿನ ಯಾವುದು ಎಂಬಷ್ಟಕ್ಕೆ ಮಾತ್ರ. ವರ್ಷಗಳನ್ನು ಎಣಿಸಬೇಕಾಗಿ ಬಂದಾಗ ಆಕೆ ಹಿಡಿಯುವ ಶಕೆ ಶಾಲಿವಾಹನನದೂ ಅಲ್ಲ, ಕ್ರಿಸ್ತನದೂ ಅಲ್ಲ, ನಮ್ಮ ಅಪ್ಪನದು. ಅಪ್ಪ ಹೋದ ಮರುವರ್ಷ ತಂಗಿಗೆ ಗಂಡು ಗೊತ್ತಾಯಿತು, ನಾಲ್ಕನೆಯ ವರ್ಷ ಕೊಳವೆಬಾವಿ ಬತ್ತಿತು, ಆರನೆಯ ವರ್ಷ ಹುಳುಮನೆಗೆ ಹೊಸ ಶೀಟು ಹೊದೆಸಿದೆವು, ಹೀಗೆ ಸಾಗುವ ಆ ಗಣನೆಯನ್ನು ನಾನು ಬಹುಕಾಲ ಹಳ್ಳಿಯ ವಾಡಿಕೆಯೆಂದಷ್ಟೇ ಬಗೆದಿದ್ದೆನಲ್ಲದೆ, ಅದರಲ್ಲಿ ಕಿವಿಗೊಟ್ಟು ಕೇಳಬೇಕಾದ ಸಂಗತಿಯೊಂದಿದೆಯೆಂದು ಎಣಿಸಿರಲಿಲ್ಲ. ಅದಕ್ಕೆ ಕಿವಿಗೊಡುವಂತೆ ಮಾಡಿದ್ದು ಜಪಾನಿನಿಂದ ಬಂದ ಒಂದು ಅನಿಮೆ ಸರಣಿ.

ಚನ್ನಪಟ್ಟಣದಲ್ಲಿ ನಾನು ಕನ್ನಡ ಹೇಳಿಕೊಡುವ ಶಾಲೆಯ ಹುಡುಗರಿಗೆ ತಮ್ಮ ಮೇಷ್ಟರು ಅನಿಮೆ ನೋಡುತ್ತಾರೆಂಬುದು ಬಹಳ ದಿನಗಳಿಂದ ಗೊತ್ತು. 2023ರಲ್ಲಿ ಹೊಸದಾಗಿ ತೊಡಗಿದ ಸರಣಿಗಳಲ್ಲಿ ನಿಮಗೆ ಯಾವುದು ಹೆಚ್ಚು ಹಿಡಿಸಿತು ಸಾರ್ ಎಂದು ಅವರು ಯುಗಾದಿಯ ರಜಕ್ಕೆ ಮುನ್ನ ಕೇಳಿದರು. ‘ಒಶಿ ನೋ ಕೊ’ ಎಂಬ ಉತ್ತರವನ್ನು ಕೆಲವರು ನಿರೀಕ್ಷಿಸಿದ್ದರು. ಹುಡುಗಿಯರು ಕೆಲವರು, ಅಂತಃಪುರದಲ್ಲಿ ವಿಷಪರೀಕ್ಷೆ ಮಾಡುವ ಮಾವೊಮಾವೊ ಎಂಬ ಜಾಣೆಯ ಕಥೆಯಾದ ‘ಅಪೊಥಿಕರಿ ಡೈರೀಸ್’ನ ಪಕ್ಷ ವಹಿಸಿದ್ದರು, ಮತ್ತು ಅದಕ್ಕೆ ನಾನೂ ಎರಡನೆಯ ಸ್ಥಾನವನ್ನು ಸಂತೋಷದಿಂದ ಕೊಡುತ್ತೇನೆ. ನಾನು ‘ಫ್ರೀರೆನ್’ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬನು, ‘ಸಾರ್, ಅದ್ರಲ್ಲಿ ಅವ್ರು ಬರೀ ನಡೀತಾನೇ ಇರ್ತಾರಲ್ಲ ಸಾರ್’ ಎಂದು ನಿಜವಾದ ಬೇಸರದಿಂದ ಹೇಳಿದನು. ಗಂಟೆ ಬಾರಿಸಿದ್ದರಿಂದ ಆಗ ಅವನಿಗೆ ಉತ್ತರ ಕೊಡಲಾಗಲಿಲ್ಲ.

ನನಗೂ ಅನಿಮೆಗೂ ನಂಟು ಬೆಳೆದು ಮೂವತ್ತು ವರ್ಷ ಸಂದಿತು. 1993ರ ಭಾನುವಾರಗಳ ಬೆಳಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿಯನ್ನು ನೋಡಲು ನಾವು ಏಳೆಂಟು ಮಕ್ಕಳು ಊರಿನಲ್ಲಿ ಟೀವಿಯಿದ್ದ ಒಂದೇ ಮನೆಯ ಜಗಲಿಯ ಮೇಲೆ ಕೂತಿರುತ್ತಿದ್ದೆವು. ಅದು ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆಯವರು 1989ರಲ್ಲಿ ತಯಾರಿಸಿದ ಐವತ್ತೆರಡು ಕಂತುಗಳ ಸರಣಿಯೆಂದು ಆಗ ಯಾರು ಬಲ್ಲರು? ಇಂಗ್ಲಿಷರವನೊಬ್ಬ ನಮ್ಮ ಕಾಡನ್ನು ಕುರಿತು ಬರೆದ ಕಥೆ ಜಪಾನಿಗೆ ಹೋಗಿ ಚಿತ್ರವಾಗಿ, ಹಿಂದಿಯ ಮಾತು ಕಲಿತು, ಹಿಂದಿ ಬಾರದ ನಮ್ಮೂರಿನ ಜಗಲಿಗೆ ಬಂದಿತ್ತು. ಅದರ ಹುಲಿ ಷೇರ್‌ಖಾನನ ಕಂಠ ನಾನಾ ಪಾಟೇಕರರದೆಂಬುದೂ ತಿಳಿದದ್ದು ಎಷ್ಟೋ ಕಾಲದ ಮೇಲೆ. ಮಾತು ತಿಳಿಯದಿದ್ದರೂ ಚಿತ್ರದ ಒಂದು ಗುಣ ಮಾತ್ರ ಮನಸ್ಸಿಗೆ ಹತ್ತಿತು: ಆ ಕಾಡಿನಲ್ಲಿ ಗಾಳಿ ಬೀಸಿದರೆ ಯಾರೂ ಏನೂ ಮಾಡದೆ ಕೆಲವು ಗಳಿಗೆ ಬರಿಯ ಗಾಳಿಯೇ ಬೀಸುತ್ತಿತ್ತು. ಆಮೇಲೆ ಕೇಬಲ್ಲು ಬಂತು, ಬೆಂಗಳೂರಿನ ಹಾಸ್ಟೆಲ್ಲಿನ ದಿನಗಳಲ್ಲಿ ಅನಿಮ್ಯಾಕ್ಸ್ ವಾಹಿನಿ ಬಂತು, ಕೈಯಲ್ಲೇ ಟೀವಿಯಿರುವ ಈ ಕಾಲವೂ ಬಂತು. ನಾನು ಹುಡುಕಿದ್ದು ಎಲ್ಲ ಕಡೆಯೂ ಆ ಗಾಳಿಯನ್ನೇ.

‘ಫ್ರೀರೆನ್’ 2023ರ ಸೆಪ್ಟೆಂಬರ್ 29ರಂದು ತೊಡಗಿತು. ಜಪಾನಿನ ನಿಪ್ಪಾನ್ ಟೆಲಿವಿಷನ್ ಶುಕ್ರವಾರದ ರಾತ್ರಿ ಚಲನಚಿತ್ರಗಳಿಗೆಂದು ಮೀಸಲಿಟ್ಟ ವೇಳೆಯನ್ನೇ ಅದಕ್ಕೆ ಬಿಟ್ಟುಕೊಟ್ಟು, ಮೊದಲ ನಾಲ್ಕು ಕಂತುಗಳನ್ನು ಒಟ್ಟಿಗೆ ಎರಡು ಗಂಟೆಗಳ ಕಾಲ ಪ್ರಸಾರ ಮಾಡಿತು. ಅಲ್ಲಿಂದ ವಾರಕ್ಕೊಂದರಂತೆ ಬಂದು, 2024ರ ಮಾರ್ಚ್ 22ಕ್ಕೆ ಇಪ್ಪತ್ತೆಂಟು ಕಂತುಗಳು ಪೂರೈಸಿದವು. ಯಮಡಾ ಕನೆಹಿತೊ ಬರೆದು ಅಬೆ ತ್ಸುಕಾಸಾ ಚಿತ್ರಿಸಿದ, 2020ರಲ್ಲಿ ವಾರಪತ್ರಿಕೆಯೊಂದರಲ್ಲಿ ತೊಡಗಿದ ಚಿತ್ರಕಥೆ ಇದಕ್ಕೆ ಮೂಲ. ಅದನ್ನು ಮ್ಯಾಡ್‌ಹೌಸ್ ಎಂಬ ಹಳೆಯ ಚಿತ್ರಶಾಲೆಯವರು ಸೈತೊ ಕೆಯಿಚಿರೊ ಅವರ ನಿರ್ದೇಶನದಲ್ಲಿ ಚಲಿಸುವ ಚಿತ್ರವನ್ನಾಗಿಸಿದರು.

ಕಥೆ ತೊಡಗುವುದೇ ಕಥೆಗಳು ಮುಗಿಯುವ ಕಡೆಯಲ್ಲಿ. ಲೋಕಕಂಟಕನಾದ ದಾನವರಾಜನನ್ನು ಸಂಹರಿಸಿ, ಹತ್ತು ವರ್ಷಗಳ ಪಯಣ ಮುಗಿಸಿ, ನಾಲ್ವರು ರಾಜಧಾನಿಗೆ ಮರಳುತ್ತಿದ್ದಾರೆ: ವೀರ ಹಿಮ್ಮೆಲ್, ಪುರೋಹಿತ ಹೈಟರ್, ಕುಬ್ಜಕುಲದ ಯೋಧ ಐಜೆನ್, ಮತ್ತು ಮಾಂತ್ರಿಕೆ ಫ್ರೀರೆನ್. ಇವಳು ಎಲ್ಫ್ ಕುಲದವಳು. ಸಾವಿರ ವರ್ಷ ಮೀರಿ ಬದುಕಿರುವವಳು. ಐವತ್ತು ವರ್ಷಕ್ಕೊಮ್ಮೆ ಬೀಳುವ ಉಲ್ಕೆಗಳ ಮಳೆಯನ್ನು ಅಂದು ರಾತ್ರಿ ಒಟ್ಟಿಗೆ ನೋಡಿ, ಮುಂದಿನ ಸಲ ಇದಕ್ಕಿಂತ ಒಳ್ಳೆಯ ಜಾಗಕ್ಕೆ ನಿಮ್ಮನ್ನು ಕರೆದೊಯ್ಯುತ್ತೇನೆಂದು, ನಾವು ನಾಳಿನ ಸಂತೆಯ ಮಾತಾಡುವಷ್ಟೇ ಹಗುರವಾಗಿ ಹೇಳಿ ಅವಳು ಹೊರಟುಹೋಗುತ್ತಾಳೆ. ಹೇಳಿದಂತೆಯೇ ಐವತ್ತು ವರ್ಷಕ್ಕೆ ಮರಳಿ ಬರುತ್ತಾಳೆ. ಬಾಗಿಲಲ್ಲಿ ನಿಂತವನು ತಲೆ ಬೋಳಾದ, ಗಡ್ಡ ನೆರೆತ, ಮೈ ಕುಗ್ಗಿದ ಮುದುಕ ಹಿಮ್ಮೆಲ್. ಉಲ್ಕೆಗಳನ್ನು ನೋಡಿಬಂದ ಕೆಲಕಾಲಕ್ಕೆ ಅವನು ತೀರಿಕೊಳ್ಳುತ್ತಾನೆ. ಶವಸಂಸ್ಕಾರದ ವೇಳೆ, ಹತ್ತು ವರ್ಷ ಜೊತೆಗಿದ್ದೂ ಈ ಮನುಷ್ಯನನ್ನು ಅರಿಯುವ ಯತ್ನವನ್ನೇ ತಾನು ಮಾಡಲಿಲ್ಲವೆಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆದು, ಸಾವಿರ ವರ್ಷದವಳು ಮಗುವಿನಂತೆ ಅಳುತ್ತಾಳೆ.

ಈ ಮೊದಲ ಕಂತನ್ನು ನಾನು ನೋಡಿದ್ದು ನಮ್ಮ ಹುಳುಮನೆಯಲ್ಲಿ, ರಾತ್ರಿ ಹತ್ತೂವರೆಯ ಸೊಪ್ಪು ಹಾಕಿ ಮುಗಿಸಿದ ಮೇಲೆ. ರಾಮನಗರದ ಗೂಡಿನ ಮಾರುಕಟ್ಟೆಗೆ ಗೂಡು ಹಾಕುವ ಸಾವಿರಾರು ಮನೆಗಳಂತೆ ನಮ್ಮದೂ ಒಂದು. ಆ ವರ್ಷ ಮಳೆ ಕೈಕೊಟ್ಟಿತ್ತು. ಹಿಪ್ಪುನೇರಳೆ ತೋಟ ಅರ್ಧಕ್ಕರ್ಧ ಸೊರಗಿ, ಸೊಪ್ಪನ್ನು ನೆರೆಯವರಿಂದ ಕೊಂಡು ತರಬೇಕಾಗಿ ಬಂದದ್ದರಿಂದ, ಕಡಿಮೆ ಮರಿ ತಂದು ಸಾಕಿದ್ದೆವು. ಪೊರೆ ಕಳಚುವ ನಾಲ್ಕನೆಯ ಜ್ವರ ಎದ್ದ ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಕೇಳದವರಿಗೆ ಅದನ್ನು ಹೀಗೆ ತಿಳಿಸಬಹುದು: ಹೆಂಚಿನ ಮೇಲೆ ಸಣ್ಣ ಸೋನೆ ಹಿಡಿದಂತೆ ಇರುತ್ತದೆ, ಆದರೆ ಹೊರಗೆ ನಕ್ಷತ್ರ ತುಂಬಿದ ಆಕಾಶ. ಆ ಸದ್ದಿನ ನಡುವೆ, ಸುಣ್ಣದ ದೂಳಿನ ಮೂಟೆಯ ಮೇಲೆ ಕೂತು ಮೊಬೈಲಿನಲ್ಲಿ ನಾನು ನೋಡುತ್ತಿದ್ದಾಗ, ಒಣಗಿದ ಕಡ್ಡಿ ಆರಿಸುತ್ತಿದ್ದ ಅವ್ವ ಹಿಂದಿನಿಂದ ಬಂದು ಬಾಗಿ ನೋಡಿದಳು.

‘ಯಾರ್ಲಾ ಮಗ ಸತ್ತೋದೋನು?’

‘ಹಿಮ್ಮೆಲ್ ಅಂತ ಕಣವ್ವ. ರಾಕ್ಷಸರ ರಾಜನ್ನ ಕೊಂದೋನು.’

‘ಈ ಉಡ್ಗಿ ಯಾಕ್ ಅಳ್ತಾ ಔಳೆ, ಎಂಡ್ತಿಯಾ?’

‘ಅಲ್ಲ. ಜೊತೇಲಿ ಹತ್ತು ವರ್ಷ ನಡೆದೋಳು.’

‘ಅತ್ತು ವರ್ಸ ಜೊತೇಲಿ ನಡದ್ ಮ್ಯಾಲೆ ಅಳಾಕೆ ಇನ್ನೇನ್ ಬೇಕ್ಲಾ’ ಎಂದು ಅವ್ವ ಪಕ್ಕದಲ್ಲೇ ಕೂತಳು.

ಅಂದಿನಿಂದ ಇಪ್ಪತ್ತೆಂಟೂ ಕಂತುಗಳನ್ನು ನಾವಿಬ್ಬರೂ ಜೊತೆಯಲ್ಲೇ ನೋಡಿದೆವು. ಜಪಾನಿ ಮಾತು, ಕೆಳಗೆ ಇಂಗ್ಲಿಷಿನ ಅಕ್ಷರ, ನನ್ನ ಬಾಯಲ್ಲಿ ಕನ್ನಡ. ಅನಿಮೆಗಳು ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡತೊಡಗಿ ಕೆಲವು ಕಾಲವಾಯಿತು. ನಮ್ಮ ಮಾತಿನಲ್ಲಿ ಇಂಥದೊಂದು ಸರಣಿಯನ್ನು ಕೇಳಬೇಕೆಂಬ ಆಸೆ ನನಗೆ ತೀವ್ರವಾಗಿದೆ. ಕನ್ನಡ ಮಕ್ಕಳಿಗೆ ಅದು ಸಲ್ಲಬೇಕಾದ ಋಣವೆಂದೇ ನಾನು ತಿಳಿದಿದ್ದೇನೆ, ಏಕೆಂದರೆ ಹಾಗೆ ಹೇಳಲು ಹೊರಟಾಗಲೇ ನಮ್ಮ ನುಡಿ ಎಷ್ಟು ಅಣಿಯಾಗಿ ನಿಂತಿದೆಯೆಂಬುದು ತಿಳಿಯುವುದು. ‘ಎಲ್ಫ್’ ಎಂಬುದನ್ನು ಅವ್ವನಿಗೆ ಹೇಗೆ ಹೇಳಲಿ ಎಂದು ತಡವರಿಸಿ, ಯಕ್ಷಿಯೆನ್ನಲೋ ಗಂಧರ್ವಕನ್ಯೆಯೆನ್ನಲೋ ತೋಚದೆ, ಸಾವಿರಾರು ವರ್ಷ ಬದುಕುವ ಜಾತಿ ಎಂದಷ್ಟು ಹೇಳಿದೆ. ‘ಅಸ್ವತ್ತಾಮನ್ ಥರವಾ?’ ಎಂದಳು ಅವ್ವ. ನಮ್ಮ ಹಳ್ಳಿಗಳಲ್ಲಿ ಚಿರಂಜೀವಿತ್ವವೆಂದರೆ ವರವಾದಷ್ಟೇ ಶಾಪವೂ ಹೌದೆಂಬುದು ಭಾರತದ ಕಥೆ ಕೇಳಿದ ಯಾವ ಮುದುಕಿಗೂ ಗೊತ್ತು. ಜಪಾನಿನ ಕಥೆಗಾರ ಮೂರು ಕಂತುಗಳಲ್ಲಿ ಮೆಲ್ಲಗೆ ಹೇಳಹೊರಟದ್ದನ್ನು ಅವ್ವ, ‘ಅಯ್ಯೋ ಪಾಪ, ಎಲ್ರುನೂ ಮಣ್ ಮಾಡ್ಬೇಕಲ್ಲ ಅವ್ಳು’ ಎಂಬ ಒಂದು ಮಾತಿನಲ್ಲಿ ಮುಟ್ಟಿದ್ದಳು.

ಹಿಮ್ಮೆಲ್ ಎಂದರೆ ಜರ್ಮನ್ ಭಾಷೆಯಲ್ಲಿ ಆಕಾಶ; ಈ ಕಥೆಯ ಹೆಸರುಗಳೆಲ್ಲ ಆ ಭಾಷೆಯವೇ. ಆಕಾಶವೆಂಬ ಹೆಸರಿನವನು ಸತ್ತಮೇಲೂ ಆಕಾಶದಂತೆಯೇ ಕಥೆಯ ಮೇಲೆ ಕವಿದಿರುತ್ತಾನೆ. ಹಿಂದೆ ನಾಲ್ವರು ನಡೆದ ದಾರಿಯನ್ನೇ ಹಿಡಿದು, ಸತ್ತವರ ಆತ್ಮಗಳು ವಿಶ್ರಮಿಸುವವೆಂದು ಪ್ರತೀತಿಯಿರುವ ಬಡಗಣ ತುದಿಯ ನಾಡಿಗೆ ಹೋಗಿ ಹಿಮ್ಮೆಲನೊಡನೆ ಇನ್ನೊಮ್ಮೆ ಮಾತಾಡಬೇಕೆಂದು ಫ್ರೀರೆನ್ ಹೊರಡುತ್ತಾಳೆ. ಯುದ್ಧದಲ್ಲಿ ತಬ್ಬಲಿಯಾಗಿ ಹೈಟರನ ಕೈಯಲ್ಲಿ ಬೆಳೆದ ಫೆರ್ನ್ ಎಂಬ ಹುಡುಗಿ ಶಿಷ್ಯೆಯಾಗಿ, ಐಜೆನ್ನನ ಶಿಷ್ಯ ಷ್ಟಾರ್ಕ್ ಎಂಬ ಹುಡುಗ ರಕ್ಷಕನಾಗಿ ಜೊತೆಯಾಗುತ್ತಾರೆ. ಪಯಣದಲ್ಲಿ ಹೊಸ ಊರು ಬಂದಾಗಲೆಲ್ಲ ತೆರೆಯ ಮೇಲೆ ಕಾಲನಿರ್ದೇಶವಾಗಿ ಕಾಣಿಸುವುದು ಒಂದೇ ಬಗೆಯ ಸಾಲು: ವೀರ ಹಿಮ್ಮೆಲ್ ತೀರಿಕೊಂಡ ಇಪ್ಪತ್ತೇಳನೆಯ ವರ್ಷ, ಇಪ್ಪತ್ತೆಂಟನೆಯ ವರ್ಷ. ಅದನ್ನು ಮೊದಲ ಸಲ ಕನ್ನಡದಲ್ಲಿ ಓದಿ ಹೇಳಿದಾಗ ನನ್ನ ಧ್ವನಿ ನಡುವೆ ನಿಂತಿತು. ಅದು ನಮ್ಮ ಮನೆಯ ಶಕೆ. ಅವ್ವನಿಗೆ ಮಾತ್ರ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಇನ್ನು ಹೇಗೆ ತಾನೆ ಎಣಿಸುತ್ತಾರೆ ಎಂಬಂತೆ ಕಡ್ಡಿ ಆರಿಸುತ್ತಲೇ ಇದ್ದಳು.

ಎರಡನೆಯ ಕಂತಿನಲ್ಲಿ ಒಂದು ಹಳ್ಳಿ ಬರುತ್ತದೆ. ಅಲ್ಲಿ ಹಿಮ್ಮೆಲನ ಪ್ರತಿಮೆಯೊಂದು ಗಿಡಬಳ್ಳಿ ಮುಸುಕಿ, ಕಂಚಿಗೆ ಕಿಲುಬು ಹಿಡಿದು ಕಾಡಂಚಿನಲ್ಲಿ ನಿಂತಿದೆ. ಊರಿನ ಮುದುಕಿಯೊಬ್ಬಳ ಕೋರಿಕೆಯಂತೆ ಅದನ್ನು ಶುಚಿಮಾಡಿದ ಫ್ರೀರೆನ್, ಅದರ ಸುತ್ತ ಹಿಮ್ಮೆಲನ ಹುಟ್ಟೂರಿನ ನೀಲಿ ಹೂವನ್ನೇ ನೆಡಬೇಕೆಂದು, ಎಲ್ಲೂ ಉಳಿದಿಲ್ಲವೆನ್ನುವ ಆ ಗಿಡವನ್ನು ತಿಂಗಳುಗಟ್ಟಲೆ ಹುಡುಕುತ್ತಾಳೆ. ಇನ್ನು ಬಿಡೋಣವೆಂದು ಫೆರ್ನ್ ಬೇಡಿಕೊಳ್ಳುತ್ತಾಳೆ. ಕಡೆಗೆ ಬೀಜ ಕದ್ದೊಯ್ಯುವ ಇಲಿಯೊಂದನ್ನು ಹಿಂಬಾಲಿಸಿ ಹೋದರೆ, ಪಾಳುಬಿದ್ದ ಗೋಪುರವೊಂದರ ನೆತ್ತಿಯ ಮೇಲೆ ಆ ಹೂವು ಹಾಸಿದಂತೆ ಅರಳಿದೆ. ಹಿಮ್ಮೆಲನಿಗೆ ತನ್ನ ಪ್ರತಿಮೆಗಳೆಂದರೆ ಬಲು ಇಷ್ಟವಾಗಿತ್ತು. ಮುಂದೆ ಒಬ್ಬಳೇ ಉಳಿಯುವ ಗೆಳತಿಗೆ ದಾರಿಯುದ್ದಕ್ಕೂ ತಾವು ನಾಲ್ವರೂ ನಿಜವಾಗಿ ಇದ್ದೆವೆಂಬ ಸಾಕ್ಷಿ ಇರಲೆಂದು ಅವನು ಅವನ್ನು ನಿಲ್ಲಿಸಿಕೊಂಡದ್ದೆಂಬುದು ತಿಳಿಯುವುದು ನಿಧಾನವಾಗಿ.

ಈ ಕಂತನ್ನು ನೋಡಿದ ಮರುವಾರ ನಾನು ಮಾಗಡಿಯ ಕಡೆ ಹೋಗಿದ್ದೆ. ಸಾವನದುರ್ಗದ ಬಂಡೆ ದೂರದಿಂದ, ಮಲಗಿದ ಆನೆಯ ಬೆನ್ನಿನಂತೆ, ಮಂಜಿನಲ್ಲಿ ನೆನೆದು ಕಾಣುತ್ತಿತ್ತು. ನಮ್ಮ ಸೀಮೆಯ ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ವೀರಗಲ್ಲುಗಳು ಎಷ್ಟಿವೆ! ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಮಡಿದವನು ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಾನೆ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ, ಮೇಲೆ ಸೂರ್ಯಚಂದ್ರರ ಕೆಳಗೆ ಕೈಲಾಸದಲ್ಲಿ ಕೂತಿರುತ್ತಾನೆ. ಅವನ ಹೆಸರು ಸವೆದಿದೆ. ಯಾರೋ ಅರಿಸಿನ ಕುಂಕುಮ ಹಚ್ಚಿ ಹೋಗುತ್ತಾರೆ. ಬೆಂಗಳೂರು ಕಟ್ಟಿದ ಕೆಂಪೇಗೌಡರದೇ ಕಥೆ ನೋಡಿ. ಅವರ ಹೆಸರಿನ ರಸ್ತೆಯಿದೆ, ಬಸ್ ನಿಲ್ದಾಣವಿದೆ, ವಿಮಾನ ನಿಲ್ದಾಣದಲ್ಲಿ 2022ರಲ್ಲಿ ನಿಂತ 108 ಅಡಿಯ ಕಂಚಿನ ಪ್ರತಿಮೆಯಿದೆ. ಆದರೆ ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಶಾಸನಸಮೇತ ನಿಂತಿದ್ದ ಗುಡಿಯಂಥ ಸಣ್ಣ ಕಟ್ಟಡವನ್ನು ಅವರ ಸಮಾಧಿಯೆಂದು ಗುರುತಿಸಿದ್ದು 2015ರಲ್ಲಿ. ನಾನೂರಕ್ಕೂ ಮಿಕ್ಕ ವರ್ಷಗಳಲ್ಲಿ ಅದರ ಮಗ್ಗುಲಲ್ಲೇ ರಾಗಿ ಬಿತ್ತಿ, ರಾಗಿ ಕೊಯ್ದು, ದನ ಮೇಯಿಸಿದವರು ಎಷ್ಟು ಜನವೋ. ಆ ಕಟ್ಟಡವನ್ನು ನೆನೆದಾಗಲೆಲ್ಲ ನನಗೆ ಬಳ್ಳಿ ಮುಸುಕಿದ ಹಿಮ್ಮೆಲನ ಪ್ರತಿಮೆಯ ಬುಡದಲ್ಲಿ ಮಂಡಿಯೂರಿ ನೀಲಿ ಹೂವಿನ ಬೀಜ ಊರುವ ಬಿಳಿಕೂದಲಿನ ಹುಡುಗಿ ಕಣ್ಣಿಗೆ ಬರುತ್ತಾಳೆ.

ನಾಲ್ಕನೆಯ ಕಂತಿನ ಮಾತನ್ನು ಹೇಳದೆ ಮುಂದೆ ಹೋಗಲಾರೆ. ಸಮುದ್ರದ ದಂಡೆಯ ಒಂದು ಊರಿನಲ್ಲಿ ಹೊಸವರ್ಷದ ಸೂರ್ಯೋದಯವನ್ನು ನೋಡಲು ಜನ ಸೇರುವ ಹಬ್ಬ. ಹಿಂದೊಮ್ಮೆ ಹಿಮ್ಮೆಲ್ ಕರೆದಾಗ ಫ್ರೀರೆನ್ ಹಾಸಿಗೆಯಿಂದ ಏಳಲೇ ಇಲ್ಲ. ಈಗ ಅವನಿಲ್ಲದಾಗ ಎದ್ದು ಬಂದು ನಿಂತಿದ್ದಾಳೆ. ಸೂರ್ಯನೇನೋ ಸೂರ್ಯನೇ, ಇಷ್ಟಕ್ಕೆ ಇಷ್ಟು ಬೇಗ ಏಳಬೇಕಿತ್ತೇ ಎಂದು ತಿರುಗುವಾಗ, ಪಕ್ಕದಲ್ಲಿ ಫೆರ್ನಳ ಮುಖ ಬೆಳಕಿನಲ್ಲಿ ನಗುವುದು ಕಾಣುತ್ತದೆ. ಹಿಮ್ಮೆಲ್ ತನಗೆ ತೋರಿಸಬೇಕೆಂದಿದ್ದುದು ಏನೆಂಬುದು ಅಷ್ಟರಿಂದ ಅವಳಿಗೆ ಅರ್ಥವಾಗುತ್ತದೆ.

ನಾನು ಆರನೆಯ ತರಗತಿಯಲ್ಲಿದ್ದಾಗ ಒಂದು ರಾತ್ರಿ ಅಪ್ಪ ಬಂದು ನನ್ನ ಹೆಗಲು ಅಲುಗಿಸಿ ಎಬ್ಬಿಸಿದ್ದರು. ಹುಳು ಹಣ್ಣಾಗಿದ್ದವು, ಸಂಜೆಯಿಂದ ಎಲ್ಲರೂ ಆರಿಸಿ ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟಿದ್ದರು. ‘ನೂಲು ಬಿಡೋಕೆ ಶುರು ಮಾಡವೆ, ಬಾ ಮಗ, ಲಾಟೀನ್ ಬೆಳಕಲ್ಲಿ ನೋಡೀವಂತೆ’ ಎಂದರು. ನಾನು ದುಪ್ಪಟಿ ಎಳೆದುಕೊಂಡು ಮಗ್ಗುಲಾದೆ. ಅವರು ಇನ್ನೊಂದು ಸಲ ಕರೆಯಲಿಲ್ಲ. ಆಮೇಲೆ ಎಷ್ಟೋ ಬೆಳೆಗಳಲ್ಲಿ ಅದನ್ನು ನಾನು ಕಂಡಿದ್ದೇನೆ: ಹಳದಿಗೆ ತಿರುಗಿ ಗಾಜಿನಂತೆ ತಿಳಿಯಾದ ಹುಳು, ಮೊದಲು ಅತ್ತಿತ್ತ ನಾಲ್ಕು ಎಳೆ ಎಸೆದು ಆಧಾರ ಮಾಡಿಕೊಂಡು, ಆಮೇಲೆ ಎಂಟರ ಅಂಕಿಯಂತೆ ತಲೆ ಆಡಿಸುತ್ತಾ ಆಡಿಸುತ್ತಾ, ತನ್ನ ಸುತ್ತ ಮಂಜು ಕಟ್ಟಿಕೊಳ್ಳುತ್ತದೆ, ಎರಡು ಮೂರು ದಿನ ಎಡೆಬಿಡದೆ ನೂಲುವ ಆ ಒಂದೇ ಎಳೆ ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸಾವಿರ ಮೀಟರಿನವರೆಗೂ ಬರುತ್ತದೆ. ಹುಳುವನ್ನು ನೋಡಿದ್ದೇನೆ. ಅದನ್ನು ನೋಡುವ ಅಪ್ಪನ ಮುಖವನ್ನು ನೋಡಲಿಲ್ಲ. ಇದನ್ನು ನಾನು ಅವ್ವನಿಗೆ ಹೇಳಲಿಲ್ಲ. ಆ ಕಂತು ಮುಗಿದ ಮೇಲೆ ಎದ್ದು ಹೋಗಿ ತೊಟ್ಟಿಯ ನೀರಿನಲ್ಲಿ ಮುಖ ತೊಳೆದು ಬಂದೆ.

ಚಿತ್ರದ ಕುಸುರಿಯನ್ನು ಕುರಿತು ಹೇಳಬೇಕಾದದ್ದು ಬಹಳವಿದೆ. ಫ್ರೀರೆನಳ ಮಾತು ತಣ್ಣಗೆ, ಏರಿಳಿತವಿಲ್ಲದೆ ಇರುತ್ತದೆ. ಆ ಕಂಠ ತನೆಝಾಕಿ ಅತ್ಸುಮಿ ಎಂಬ ಕಲಾವಿದೆಯದು. ‘ಸ್ಪೈ ಫ್ಯಾಮಿಲಿ’ಯ ಆನ್ಯಾ ಎಂಬ ಪುಟ್ಟ ತುಂಟಿಗೂ ಆಕೆಯದೇ ಕಂಠವೆಂದು ಹೇಳಿದರೆ ನನ್ನ ವಿದ್ಯಾರ್ಥಿಗಳು ನಂಬುವುದಿಲ್ಲ. ಇವಾನ್ ಕಾಲ್ ಅವರ ಸಂಗೀತ ಗಾಳಿ ನಿಂತಲ್ಲಿ ತಾನೂ ನಿಲ್ಲುತ್ತದೆ. ಫ್ರೀರೆನ್ ಕೂಡಿಸಿಟ್ಟುಕೊಳ್ಳುವ ಮಂತ್ರಗಳೂ ಹಾಗೆಯೇ ಸಣ್ಣ ಸಣ್ಣವು: ಕಂಚಿನ ಪ್ರತಿಮೆಯ ಕಿಲುಬು ತೆಗೆಯುವುದೊಂದು, ಸಿಹಿದ್ರಾಕ್ಷಿಯನ್ನು ಹುಳಿ ಮಾಡುವುದೊಂದು, ಹೂವಿನ ಬಯಲನ್ನು ಅರಳಿಸುವುದೊಂದು. ಲೋಕವನ್ನು ಗೆದ್ದವಳು ಹೀಗೆ ಹಳ್ಳಿಹಳ್ಳಿಯಲ್ಲಿ ಚಿಲ್ಲರೆ ಮಂತ್ರಕ್ಕಾಗಿ ದಿನಗಟ್ಟಲೆ ದುಡಿಯುವುದನ್ನು ನೋಡುವಾಗ ಮನಸ್ಸಿಗೆ ಆಗುವ ಸುಖ ಬೇರೆ ಯಾವ ಸರಣಿಯಿಂದಲೂ ನನಗೆ ದೊರೆತಿಲ್ಲ. ಹದಿನೆಂಟನೆಯ ಕಂತಿನಿಂದ ಮಾಂತ್ರಿಕರ ಪರೀಕ್ಷೆಯ ಪ್ರಕರಣ ಮೊದಲಾಗಿ, ಹೊಸ ಮುಖಗಳೂ ಕಾಳಗಗಳೂ ದಟ್ಟಯಿಸುತ್ತವೆ. ಹುಡುಗರಿಗೆ ಮೆಚ್ಚಾದದ್ದು ಆ ಭಾಗ. ಅದು ಚೆನ್ನಾಗಿಲ್ಲವೆಂದಲ್ಲ, ದಾರಿಯ ದೂಳು ಅಲ್ಲಿ ಕಡಿಮೆಯಾಯಿತೆಂದು ಮಾತ್ರ ನನ್ನ ಕೊರಗು.

ಚನ್ನಪಟ್ಟಣದವನಾಗಿ ಜಪಾನಿನ ಕೈಗೆಲಸವನ್ನು ಮೆಚ್ಚುವುದರಲ್ಲಿ ನನಗೆ ಒಂದು ಬಗೆಯ ಹಕ್ಕೂ ಇದೆ. ನಮ್ಮ ಬೊಂಬೆಗಳ ಕುಲಗುರುವೆಂದು ಊರು ನೆನೆಯುವ ಬಾವಾಸ್ ಮಿಯಾ ಅವರು ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಲ್ಲಿಗೆ ಹೋಗಿ ಬೊಂಬೆಯ ವಿದ್ಯೆ ಕಲಿತು ಬಂದು ಇಲ್ಲಿನವರಿಗೆ ಕಲಿಸಿದರೆಂಬುದು ಇಲ್ಲಿ ಮನೆಮಾತು. ಮಕ್ಕಳನ್ನು ಒಮ್ಮೆ ಕಲಾನಗರದ ಒಂದು ಕಾರ್ಖಾನೆಗೆ ಕರೆದೊಯ್ದಿದ್ದೆ. ಮುದುಕರೊಬ್ಬರು ಹಾಲೆ ಮರದ ಹಾಲಿನಂಥ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ, ಉಳಿಯನ್ನು ಸೋಕಿಸಿ, ಕತ್ತು ಭುಜ ಹೊಟ್ಟೆಗಳನ್ನು ಕ್ಷಣದಲ್ಲಿ ಬಿಡಿಸಿದರು. ಆಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಬೆಂಕಿಯಿಲ್ಲ, ಕುಂಚವಿಲ್ಲ, ಉಜ್ಜುವ ಬಿಸಿಗೇ ಅರಗು ಕರಗಿ ಮರವನ್ನು ಹೊದೆಯಿತು. ಕಡೆಗೆ ಒಣಗರಿಯೊಂದನ್ನು ಮಡಿಚಿ ಒತ್ತಿದಾಗ ಕೆಂಪು ಹೊಳೆಯಿತು. ಇನ್ನು ಜೋರಾಗಿ ತಿರುಗಿಸಿದರೆ ಬೇಗ ಆಗುವುದಿಲ್ಲವೇ ತಾತ ಎಂದು ಹುಡುಗನೊಬ್ಬ ಕೇಳಿದ. ಹಿಂದಿನ ಬೆಂಚಿನ ಅದೇ ಹುಡುಗ. ‘ಜೋರ್ ಮಾಡಿದ್ರೆ ಅರಗು ಸುಟ್ಟೋಯ್ತದೆ ಕಂದ’ ಎಂದರು ಅವರು. ಶಾಲೆ ತೆರೆದ ಮೇಲೆ, ಬರೀ ನಡೆಯುವುದನ್ನು ಕುರಿತ ಅವನ ಆಕ್ಷೇಪಣೆಗೆ ಆ ಮಾತನ್ನೇ ನೆನಪಿಸಬೇಕೆಂದಿದ್ದೇನೆ.

ಕೊನೆಯ ಕಂತು ಬಂದ ವಾರ ನಮ್ಮ ಮನೆಯಲ್ಲಿ ಆ ಸಾಲಿನ ನಾಲ್ಕನೆಯ ಬೆಳೆ. ಸೆಪ್ಟೆಂಬರಿನಿಂದ ಮಾರ್ಚಿನೊಳಗೆ ಮೂರು ತಲೆಮಾರು ಹುಳು ಮರಿಯಾಗಿ ಬಂದು, ನಾಲ್ಕು ನಾಲ್ಕು ಜ್ವರ ಎದ್ದು, ಗೂಡಾಗಿ ರಾಮನಗರಕ್ಕೆ ಹೋಗಿದ್ದವು. ಫ್ರೀರೆನಳ ಮುಖದಲ್ಲಿ ಒಂದು ಗೆರೆಯೂ ಬದಲಾಗಿರಲಿಲ್ಲ. ಪರೀಕ್ಷೆ ಮುಗಿದು, ನಡುವೆ ಸಿಕ್ಕಿದವರೆಲ್ಲ ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಮತ್ತೆ ಎಲ್ಲಾದರೂ ಎದುರಾಗುವೆವಾದ್ದರಿಂದ ಕಣ್ಣೀರಿನ ಬೀಳ್ಕೊಡುಗೆ ಬೇಡವೆಂಬುದು ಹಿಮ್ಮೆಲ್ ಕಲಿಸಿದ ಪಾಠ. ಅದರಂತೆಯೇ ಫ್ರೀರೆನ್ ಹಗುರವಾಗಿ ವಿದಾಯ ಹೇಳಿ, ಇಬ್ಬರು ಮಕ್ಕಳೊಡನೆ ಬಡಗಲ ದಾರಿ ಹಿಡಿದಳು. ನಾನು ಮೊಬೈಲನ್ನು ಮಡಿಲಿಗೆ ಇಳಿಸಿದೆ.

‘ಸತ್ತೋದೋರ್ ಊರು ಸಿಕ್ತೇನ್ಲಾ ಅವ್ಳಿಗೆ?’ ಎಂದಳು ಅವ್ವ.

‘ಇಲ್ಲವ್ವ. ಇನ್ನೂ ಬಾಳ ದೂರ ಐತೆ.’

‘ಅಂಗಾರೆ ಇನ್ನೂ ನಡೀತಾನೇ ಅವ್ರಾ?’

‘ನಡೀತಾ ಅವ್ರೆ.’

ಅವ್ವ ಸೊಂಟಕ್ಕೆ ಕೈಕೊಟ್ಟು ಎದ್ದಳು. ‘ಕನಕಪುರದ್ ಸಂತೇಲಿ ನಿಮ್ಮಪ್ಪ ಕಳ್ದೋಗಿದ್ದು ಯೋಳಿವ್ನಾ ನಿಂಗೆ? ನೀನಿನ್ನೂ ಉಟ್ಟಿರ್ನಿಲ್ಲ’ ಎಂದಳು. ಹೇಳಿರಲಿಲ್ಲ. ಅಪ್ಪ ಹೋದ ಹನ್ನೊಂದನೆಯ ವರ್ಷದ ಆ ರಾತ್ರಿ, ಒದ್ದೆ ಗೋಣಿಯೊಳಗಿಂದ ತಂಪಾದ ಸೊಪ್ಪನ್ನು ಬಾಚಿ ಬಾಚಿ ತಟ್ಟೆಗಳಿಗೆ ಹರಡುತ್ತಾ, ನಾನು ಅದನ್ನು ಮೊದಲಿಂದ ಹೇಳಿಸಿಕೊಂಡೆ.